ಸತ್ತ ಕಂಪ್ರೆಸರನ್ನು ಗುಜರಿಗೆ ಹಾಕುವ ಮುನ್ನ

ಬಿಸಿಲು ಏರುತ್ತಿದ್ದಂತೆ ಬೆಂಗಳೂರಿನ ಉತ್ತರ ಭಾಗದಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಕಂಪ್ರೆಸರ್ ಹೋಗಿದೆ ಸಾರ್, ಹೊಸದು ಹಾಕಬೇಕು.’ ಆರ್.ಟಿ. ನಗರದ ಮಾಂಸದಂಗಡಿಯ ಫ್ರೀಜರ್ ಇರಲಿ, ಯಶವಂತಪುರದ ವ್ಯಾಪಾರಿ ಒಣಮೆಣಸಿನಕಾಯಿ, ಹುಣಸೆಹಣ್ಣು ಇಟ್ಟ ಕೋಲ್ಡ್ ಸ್ಟೋರೇಜ್ ಇರಲಿ, ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ದಾರಿಯ ಯಾವುದೋ ಹಳ್ಳಿ ಡೇರಿಯ ಹಾಲು ತಣಿಸುವ ಟ್ಯಾಂಕ್ ಇರಲಿ, ಯಂತ್ರ ನಿಂತಿತೆಂದರೆ ಬರುವ ತೀರ್ಪು ಇದೇ. ತೀರ್ಪು ಸುಳ್ಳೂ ಅಲ್ಲ. ಕಂಪ್ರೆಸರ್ ನಿಜವಾಗಿಯೂ ಹೋಗಿರುತ್ತದೆ. ಆದರೆ ಏಕೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಹಳೆಯದು ಗುಜರಿ ಸೇರುತ್ತದೆ, ಹೊಸದು ಅದೇ ಪೈಪುಗಳ ನಡುವೆ ಬಂದು ಕೂರುತ್ತದೆ, ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅದೂ ಅದೇ ದಾರಿ ಹಿಡಿಯುತ್ತದೆ.

ಕಂಪ್ರೆಸರ್ ತನ್ನಷ್ಟಕ್ಕೆ ತಾನೇ ಸಾಯುವುದು ಅಪರೂಪ, ಅದನ್ನು ಕೊಲ್ಲುವ ಕಾರಣ ಬಹುಪಾಲು ಸಲ ಅದರ ಹೊರಗೆ ಇರುತ್ತದೆ ಎಂಬುದು ನನ್ನ ವಾದ. ಆ ಕಾರಣವನ್ನು ಹುಡುಕುವ ಕೆಲಸಕ್ಕೆ ನಾವು ಬೆಲೆ ಕಟ್ಟಿಲ್ಲ. ಬಿಡಿಭಾಗಕ್ಕೆ ಹಣ ಕೊಡುತ್ತೇವೆ, ವಿಚಾರಣೆಗೆ ಕೊಡುವುದಿಲ್ಲ.

ತಣ್ಣಗಿಡುವ ಯಂತ್ರದ ರಚನೆಯೇ ಈ ವಾದಕ್ಕೆ ಆಧಾರ. ಒಳಗಿನ ಕಾಯಿಲ್‌ನಲ್ಲಿ ದ್ರವ ಆವಿಯಾಗುತ್ತ ಸುತ್ತಲಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಎಳೆದು ಒತ್ತುತ್ತದೆ. ಹೊರಗಿನ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಕ್ಯಾಪಿಲರಿಯ ಸಣ್ಣ ದಾರಿಯಲ್ಲೋ ಎಕ್ಸ್‌ಪ್ಯಾನ್ಶನ್ ವಾಲ್ವಿನಲ್ಲೋ ಒತ್ತಡ ಕಳೆದುಕೊಂಡು ಒಳಕ್ಕೆ ಮರಳುತ್ತದೆ. ಈ ಸುತ್ತಿನಲ್ಲಿ ಫ್ಯಾನುಗಳನ್ನು ಬಿಟ್ಟರೆ ಸತತವಾಗಿ ತಿರುಗುವುದು, ಸವೆಯುವುದು, ಬಿಸಿಯಾಗುವುದು ಕಂಪ್ರೆಸರ್ ಒಂದೇ. ಹಾಗಾಗಿ ತಪ್ಪು ಎಲ್ಲಿ ನಡೆದರೂ ಪೆಟ್ಟು ಬಂದು ಬೀಳುವುದು ಅದರ ಮೇಲೆ. ಕಂಡೆನ್ಸರ್ ಕೊಳೆಯಾದರೆ, ಗ್ಯಾಸ್ ಸೋರಿದರೆ, ಒಳಗಿನ ಫ್ಯಾನ್ ನಿಂತರೆ, ಕರೆಂಟು ಏರುಪೇರಾದರೆ, ಪೈಪಿನೊಳಗೆ ತೇವ ಉಳಿದರೆ, ಕೊನೆಗೆ ನರಳುವುದು ಅದೇ.

ಈ ಭಾಗದಲ್ಲಿ ತಂಪನ್ನು ನೆಚ್ಚಿಕೊಂಡು ಎಷ್ಟು ಬದುಕು ನಡೆಯುತ್ತಿದೆ ಎಂಬುದನ್ನೂ ನೆನೆಯಬೇಕು. ಯಲಹಂಕದಲ್ಲಿ ಕೆಎಂಎಫ್‌ನ ಮದರ್ ಡೇರಿ ಇದೆ. ಹೆಬ್ಬಾಳದಲ್ಲಿ ದನಕರುಗಳ ಲಸಿಕೆ ತಯಾರಿಸುವ ಸಂಸ್ಥೆಗಳಿವೆ; ಕಾಲುಬಾಯಿ ಜ್ವರದ ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು, ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಅದೇ ಹೆಬ್ಬಾಳದ ಪುಷ್ಪ ಹರಾಜು ಕೇಂದ್ರಕ್ಕೆ ಸುತ್ತಲಿನ ತಾಲ್ಲೂಕುಗಳ ಗುಲಾಬಿ ಬರುತ್ತದೆ. ಕೆಚ್ಚಲಿನಿಂದ ಇಳಿದ ಹಾಲಿನ ಬಿಸಿ 37–38 ಡಿಗ್ರಿ. ಅದನ್ನು ಬೇಗನೆ 4 ಡಿಗ್ರಿಗೆ ಇಳಿಸದಿದ್ದರೆ ಬ್ಯಾಕ್ಟೀರಿಯಾ ದುಪ್ಪಟ್ಟಾಗುತ್ತ ಹೋಗುತ್ತದೆ. ಹಳ್ಳಿಯ ಟ್ಯಾಂಕಿನ ಕಂಪ್ರೆಸರ್ ಒಂದು ಸಂಜೆ ನಿಂತರೆ ಆ ಊರಿನ ಎಷ್ಟೋ ಮನೆಗಳ ಒಂದು ಹೊತ್ತಿನ ದುಡಿಮೆ ಹುಳಿಯಾಗುತ್ತದೆ. ಇಲ್ಲಿ ರಿಪೇರಿಯ ಗುಣಮಟ್ಟ ಎಂದರೆ ರೈತನ ಆದಾಯದ ಪ್ರಶ್ನೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ರೂಢಿ ‘ಗ್ಯಾಸ್ ಹಾಕಿಸುವುದು’. ಪ್ರತಿ ಬೇಸಿಗೆಗೂ ಫ್ರಿಜ್ಜಿಗೋ ಎಸಿಗೋ ಕೋಲ್ಡ್ ರೂಮಿಗೋ ಗ್ಯಾಸ್ ತುಂಬಿಸುವುದನ್ನು ಜನ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದಷ್ಟು ಸಹಜವೆಂದು ನಂಬಿದ್ದಾರೆ. ಯಂತ್ರದೊಳಗಿನ ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಅದು ಸುತ್ತುತ್ತಲೇ ಇರುತ್ತದೆ. ಬಿಗಿಯಾಗಿ ಮುಚ್ಚಿದ ವ್ಯವಸ್ಥೆಯಲ್ಲಿ ಹದಿನೈದು ವರ್ಷ ಕಳೆದರೂ ಇದ್ದಷ್ಟೇ ಇರಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಸೋರುತ್ತದೆ, ಸೋರುವ ಅಷ್ಟೂ ಕಾಲ ಕಂಪ್ರೆಸರ್ ಅರೆಹೊಟ್ಟೆಯಲ್ಲಿ ದುಡಿಯುತ್ತದೆ. ಮುಚ್ಚಿದ ಕಂಪ್ರೆಸರುಗಳಲ್ಲಿ ಹಲವು ತಮ್ಮ ಮೋಟಾರನ್ನು ತಣಿಸಿಕೊಳ್ಳುವುದು ಒಳಗಿನಿಂದ ಮರಳಿ ಬರುವ ತಣ್ಣನೆಯ ಆವಿಯಿಂದಲೇ. ಆವಿ ಕಡಿಮೆಯಾದರೆ ಮೋಟಾರು ಕಾಯುತ್ತದೆ. ಆವಿಯ ಜೊತೆ ಪೈಪುಗಳಲ್ಲಿ ಸುತ್ತಿ ಬರಬೇಕಾದ ಎಣ್ಣೆಯೂ ದೂರದ ಕಾಯಿಲ್‌ನಲ್ಲಿ ಉಳಿದುಬಿಡುತ್ತದೆ, ಬೇರಿಂಗ್ ಒಣಗುತ್ತದೆ. ಇಂಥ ಕಂಪ್ರೆಸರ್ ಒಂದು ಮಧ್ಯಾಹ್ನ ಸುಟ್ಟುಹೋದರೆ ಅದು ಹಠಾತ್ ಸಾವಲ್ಲ, ಹಲವು ತಿಂಗಳ ಉಪವಾಸದ ಫಲ. ತೂತು ಹೆಚ್ಚಾಗಿ ಸಿಗುವುದು ಬ್ರೇಜಿಂಗ್ ಮಾಡಿದ ಬೆಸುಗೆಗಳಲ್ಲಿ, ಕಂಪನದಿಂದ ಒಂದಕ್ಕೊಂದು ಉಜ್ಜುತ್ತಿರುವ ತಾಮ್ರದ ಪೈಪುಗಳಲ್ಲಿ. ಅಲ್ಲೊಂದು ರಬ್ಬರ್ ತುಂಡು ಸಿಕ್ಕಿಸಿದ್ದರೆ ಕಂಪ್ರೆಸರ್ ಉಳಿಯುತ್ತಿತ್ತು.

ತೇವದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬೆಂಗಳೂರಿನ ಎತ್ತರಕ್ಕೂ ಅದಕ್ಕೂ ನೇರ ಸಂಬಂಧವಿದೆ. ಹೊಸ ಕಂಪ್ರೆಸರ್ ಕೂರಿಸಿದ ಮೇಲೆ ಪೈಪಿನೊಳಗಿನ ಗಾಳಿ ಮತ್ತು ನೀರಿನಂಶವನ್ನು ವ್ಯಾಕ್ಯೂಮ್ ಪಂಪಿನಿಂದ ಎಳೆದು ತೆಗೆಯಬೇಕು. ನೀರು ಉಳಿದರೆ ಎರಡು ಬಗೆಯ ಕೇಡು. ಒಂದು, ಅದು ಕ್ಯಾಪಿಲರಿಯ ಬಾಯಿಯಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಯಂತ್ರ ಸ್ವಲ್ಪ ಹೊತ್ತು ತಣಿಸಿ, ನಿಂತು, ಗಡ್ಡೆ ಕರಗಿದ ಮೇಲೆ ಮತ್ತೆ ತಣಿಸುವ ಆಟ ಶುರುವಾಗುತ್ತದೆ. ಇನ್ನೊಂದು ನಿಧಾನವಾದದ್ದು, ಹೆಚ್ಚು ಘೋರವಾದದ್ದು. ಈಗಿನ ಹಲವು ಗ್ಯಾಸುಗಳ ಜೊತೆ ಬಳಸುವ ಎಸ್ಟರ್ ಜಾತಿಯ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುತ್ತದೆ, ನೀರಿನೊಡನೆ ಸೇರಿ ಬಿಸಿಯಾದಾಗ ಆಮ್ಲವಾಗಿ ಒಡೆಯುತ್ತದೆ. ಆ ಆಮ್ಲ ವೈಂಡಿಂಗಿನ ಹೊದಿಕೆಯನ್ನು ತಿನ್ನುತ್ತದೆ, ಪೈಪಿನ ತಾಮ್ರವನ್ನು ಕರಗಿಸಿ ತಂದು ಬೇರಿಂಗಿನ ಮೇಲೆ ಲೇಪಿಸುತ್ತದೆ.

ವ್ಯಾಕ್ಯೂಮ್ ಸಾಕಷ್ಟು ಆಯಿತೇ ಎಂದು ತಿಳಿಯಲು ಬಹಳಷ್ಟು ಕಡೆ ನೋಡುವುದು ಗ್ಯಾಸ್ ತುಂಬಿಸುವ ಮಾಮೂಲಿ ಗೇಜನ್ನೇ. ಆ ಗೇಜು ಹೊರಗಿನ ಗಾಳಿಯ ಒತ್ತಡಕ್ಕೂ ಒಳಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ಸಮುದ್ರಮಟ್ಟದ ಚೆನ್ನೈಯಲ್ಲೋ ಮಂಗಳೂರಿನಲ್ಲೋ ಪೂರ್ತಿ ನಿರ್ವಾತವಾದರೆ ಮುಳ್ಳು ಪಾದರಸದ 30 ಇಂಚಿನ ಹತ್ತಿರ ಹೋಗುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿಯ ಒತ್ತಡವೇ ಸುಮಾರು 27 ಇಂಚು. ಪಂಪು ಎಷ್ಟೇ ಒಳ್ಳೆಯದಿರಲಿ, ಮುಳ್ಳು ಅದಕ್ಕಿಂತ ಮುಂದೆ ಹೋಗಲಾರದು. ಮುಳ್ಳು 26ಕ್ಕೆ ಬಂದಾಗ ‘ಬಂತು, ಸಾಕು’ ಎನಿಸುತ್ತದೆ. ಆಗ ಒಳಗೆ ಉಳಿದಿರುವ ಒತ್ತಡ ಸುಮಾರು ಒಂದು ಇಂಚು, ಅಂದರೆ 25 ಮಿ.ಮೀ. ಆಸುಪಾಸು. 25 ಡಿಗ್ರಿ ಬಿಸಿಯಲ್ಲಿ ನೀರು ಕುದಿಯಲು ಒತ್ತಡ 24 ಮಿ.ಮೀ.ಗೆ ಇಳಿಯಬೇಕು. ಎಂದರೆ ಗೇಜು ಕೆಲಸ ಮುಗಿದಂತೆ ತೋರಿಸುವ ಹೊತ್ತಿಗೆ ಪೈಪಿನೊಳಗಿನ ನೀರು ಹೊರಡುವ ಸಿದ್ಧತೆಯನ್ನಷ್ಟೇ ಮಾಡುತ್ತಿರುತ್ತದೆ. ಡಿಸೆಂಬರಿನ ಮುಂಜಾನೆ ಯಲಹಂಕದಲ್ಲಿ 15 ಡಿಗ್ರಿ ಇದ್ದರೆ ಅದೂ ಇಲ್ಲ. ಆಗ ಸುಮಾರು 13 ಮಿ.ಮೀ.ಗೆ ಇಳಿದರಷ್ಟೇ ನೀರು ಕುದಿಯುತ್ತದೆ. ಮಾಮೂಲಿ ಗೇಜಿನ ಮುಳ್ಳಿಗೆ ಈ ಸೂಕ್ಷ್ಮ ತಿಳಿಯುವುದಿಲ್ಲ. ಅದಕ್ಕೆ ಮೈಕ್ರಾನ್ ಗೇಜ್ ಎಂಬ ಬೇರೆ ಉಪಕರಣ ಬೇಕು. 500 ಮೈಕ್ರಾನಿಗೆ, ಎಂದರೆ ಅರ್ಧ ಮಿಲಿಮೀಟರಿಗೆ ಇಳಿಸಿ, ಪಂಪು ನಿಲ್ಲಿಸಿದ ಮೇಲೂ ಒತ್ತಡ ಏರದೆ ನಿಲ್ಲುತ್ತದೆಯೇ ಎಂದು ಕಾದು ನೋಡಬೇಕು. ಅರ್ಧ ಗಂಟೆಯಲ್ಲಿ ಮುಗಿಸಿ ಮುಂದಿನ ಮನೆಗೆ ಓಡಬೇಕಾದ ಮೆಕ್ಯಾನಿಕ್ ಇಷ್ಟು ಹೊತ್ತು ಕಾಯುತ್ತಾನೆಯೇ? ಕಾದರೆ ಆ ಹೊತ್ತಿಗೆ ನಾವು ಕೂಲಿ ಕೊಡುತ್ತೇವೆಯೇ?

ಎತ್ತರದ ಇನ್ನೊಂದು ಪರಿಣಾಮವೂ ಉಂಟು. ಇಲ್ಲಿಯ ಗಾಳಿ ಸಮುದ್ರಮಟ್ಟದ ಗಾಳಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಕಂಡೆನ್ಸರಿನ ಫ್ಯಾನು ಅಷ್ಟೇ ಗಾಳಿ ತಳ್ಳಿದರೂ ಆ ಗಾಳಿ ಹೊತ್ತೊಯ್ಯುವ ಶಾಖ ಕಡಿಮೆ. ಇದರ ಮೇಲೆ ಹೆಬ್ಬಾಳ, ಬಳ್ಳಾರಿ ರಸ್ತೆ, ವರ್ತುಲ ರಸ್ತೆಯ ಉದ್ದಕ್ಕೂ ಮೆಟ್ರೋ ಮತ್ತು ಮೇಲ್ಸೇತುವೆ ಕಾಮಗಾರಿಗಳ ಧೂಳು. ಫುಟ್‌ಪಾತಿಗೆ ಬೆನ್ನು ಮಾಡಿ ನಿಂತ ಅಂಗಡಿ ಫ್ರೀಜರಿನ ಕಂಡೆನ್ಸರ್ ತಿಂಗಳೊಳಗೆ ಧೂಳಿನ ಕಂಬಳಿ ಹೊದೆಯುತ್ತದೆ. ಶಾಖ ಹೊರಹೋಗದೆ ಒತ್ತಡ ಏರುತ್ತದೆ. ಕಂಡೆನ್ಸರಿನ ತಾಪ ಒಂದೊಂದು ಡಿಗ್ರಿ ಏರಿದಾಗಲೂ ವಿದ್ಯುತ್ ಖರ್ಚು ನೂರಕ್ಕೆ ಎರಡು ಮೂರರಷ್ಟು ಹೆಚ್ಚುತ್ತದೆ, ಬಿಲ್ಲು ಮೊದಲು ಏರುತ್ತದೆ, ಯಂತ್ರ ಆಮೇಲೆ ಸಾಯುತ್ತದೆ. ಬಿಲ್ಲನ್ನು ಎಚ್ಚರಿಕೆಯ ಗಂಟೆಯಂತೆ ಓದುವ ಅಂಗಡಿಯವರು ನನಗೆ ಕಂಡದ್ದು ಕಡಿಮೆ.

ದೊಡ್ಡ ಯಂತ್ರಗಳಲ್ಲಿ ಕಂಡೆನ್ಸರನ್ನು ನೀರು ತಣಿಸುತ್ತದೆ; ಅಲ್ಲಿ ಧೂಳಿನ ಜಾಗಕ್ಕೆ ಲವಣ ಬರುತ್ತದೆ. ಉತ್ತರ ಬೆಂಗಳೂರಿನ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಕಾವೇರಿಯ ಐದನೇ ಹಂತದ ನೀರು ನಗರದ ಅಂಚಿನ ಹಳ್ಳಿಗಳ ಕಡೆ ಹರಿಯತೊಡಗಿದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಊರೇ ಕಾದಿತ್ತು. ಟ್ಯಾಂಕರಿನ ನೀರು ಇಂದು ಒಂದು ಬಾವಿಯದು, ನಾಳೆ ಇನ್ನೊಂದರದು. ಗಡಸುತನ ಎಷ್ಟೆಂದು ಯಾರೂ ಅಳೆಯುವುದಿಲ್ಲ. ಕ್ಯಾಲ್ಸಿಯಂ ಕಾರ್ಬನೇಟಿನ ಗುಣ ಸಕ್ಕರೆ ಉಪ್ಪಿಗೆ ತಿರುವುಮುರುವು: ನೀರು ಬಿಸಿಯಾದಷ್ಟೂ ಅದು ಕಡಿಮೆ ಕರಗುತ್ತದೆ. ಹಾಗಾಗಿ ತಂಪಾದ ತೊಟ್ಟಿಯಲ್ಲಿ ಸುಮ್ಮನಿದ್ದ ಲವಣ ಕಂಡೆನ್ಸರಿನ ಬಿಸಿ ಕೊಳವೆಗೆ ಬಂದೊಡನೆ ಗೋಡೆಗೆ ಅಂಟುತ್ತದೆ. ಶಾಖ ದಾಟಬೇಕಾದ ಜಾಗವನ್ನೇ ಆರಿಸಿಕೊಂಡು ಕಟ್ಟುವ ಪದರ ಅದು. ತಾಮ್ರಕ್ಕೆ ಹೋಲಿಸಿದರೆ ಅದು ಶಾಖ ಸಾಗಿಸುವುದು ನೂರಕ್ಕೂ ಹೆಚ್ಚು ಪಟ್ಟು ಕಡಿಮೆ.

ಕೂಲಿಂಗ್ ಟವರಿನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಆದ್ದರಿಂದ ಆಗಾಗ ಒಂದಿಷ್ಟು ನೀರನ್ನು ಹೊರಬಿಟ್ಟು ಹೊಸದು ಸೇರಿಸಬೇಕು. ನೀರು ತುಟ್ಟಿಯಾದಾಗ ಮೊದಲು ಕತ್ತರಿ ಬೀಳುವುದು ಇದಕ್ಕೆ, ಅದೂ ಯಂತ್ರದ ಮೇಲೆ ಹೊರೆ ಅತಿ ಹೆಚ್ಚಿರುವ ತಿಂಗಳಲ್ಲಿ. ಲೀಟರ್ ಲೆಕ್ಕದಲ್ಲಿ ಉಳಿಸಿದ್ದು ಕಂಪ್ರೆಸರ್ ಲೆಕ್ಕದಲ್ಲಿ ಹೋಗುತ್ತದೆ. ಆಮೇಲೆ ಪದರ ಕರಗಿಸಲು ಆಮ್ಲ ಹಾಯಿಸುತ್ತಾರೆ. ಅಳತೆ ತಪ್ಪಿದರೆ ಕೊಳವೆಯೇ ತೆಳುವಾಗಿ ತೂತು ಬೀಳುತ್ತದೆ, ನೀರು ಗ್ಯಾಸಿನ ದಾರಿಗೇ ನುಗ್ಗುತ್ತದೆ. ನೀರನ್ನು ಮೊದಲೇ ಮೆದುಗೊಳಿಸುವ ಸಾಫ್ಟ್‌ನರ್ ದುಬಾರಿ ಎನ್ನುವವರು ಈ ಮುಂದಿನ ಖರ್ಚನ್ನೂ ಕೂಡಿಸಿ ನೋಡಲಿ.

ಕರೆಂಟಿನ ಪಾಲನ್ನು ಎಲ್ಲರೂ ಬಲ್ಲರು, ಆದರೆ ಅರ್ಧ ಮಾತ್ರ. ಭರಣಿ ಮಳೆಯ ಗಾಳಿಗೆ ಕೊಂಬೆ ಮುರಿದು ಬಿದ್ದು ಕರೆಂಟು ಹೋಗುವುದರಿಂದ ಯಂತ್ರಕ್ಕೆ ತೊಂದರೆಯಿಲ್ಲ; ಹತ್ತು ಸೆಕೆಂಡಿನಲ್ಲಿ ಅದು ಮರಳಿ ಬರುವುದೇ ತೊಂದರೆ. ಆಗ ಒಂದು ಕಡೆ ಒತ್ತಡ ಇನ್ನೂ ಏರಿಯೇ ಇರುತ್ತದೆ, ಸಣ್ಣ ಕಂಪ್ರೆಸರ್ ತಿರುಗಲಾರದೆ ಐದಾರು ಪಟ್ಟು ಕರೆಂಟು ಎಳೆಯುತ್ತ ನರಳುತ್ತದೆ. ಮೂರು ನಿಮಿಷ ಕಾಯಿಸುವ ಟೈಮರ್ ಇದ್ದರೆ ಅಷ್ಟು ಸಾಕು. ಮೂರು ಫೇಸಿನ ಯಂತ್ರಗಳಲ್ಲಿ ಫೇಸುಗಳ ನಡುವಿನ ಅಸಮತೋಲ ಇನ್ನೂ ಮೋಸದ್ದು: ವೋಲ್ಟೇಜಿನ ವ್ಯತ್ಯಾಸ ಶೇಕಡಾ 3 ಇದ್ದರೆ ವೈಂಡಿಂಗಿನ ತಾಪದ ಏರಿಕೆ ಸುಮಾರು ಶೇಕಡಾ 18 ಹೆಚ್ಚುತ್ತದೆ, ವ್ಯತ್ಯಾಸ 5 ಆದರೆ 50.

ಇನ್ನುಳಿದದ್ದು ದ್ರವ. ಕಂಪ್ರೆಸರ್ ಇರುವುದು ಆವಿಯನ್ನು ಒತ್ತಲು, ದ್ರವವನ್ನು ಒತ್ತಲು ಬರುವುದಿಲ್ಲ. ಕೋಲ್ಡ್ ರೂಮಿನ ಬಾಗಿಲು ಸರಿಯಾಗಿ ಮುಚ್ಚದೆ ಕಾಯಿಲ್ ಮೇಲೆ ಮಂಜು ಕಟ್ಟಿದರೆ, ಒಳಗಿನ ಫ್ಯಾನು ನಿಂತರೆ, ಎಕ್ಸ್‌ಪ್ಯಾನ್ಶನ್ ವಾಲ್ವಿನ ತಾಪ ಗ್ರಹಿಸುವ ಬಲ್ಬ್ ಪೈಪಿನಿಂದ ಸಡಿಲವಾದರೆ, ಆವಿಯಾಗದ ದ್ರವ ನೇರವಾಗಿ ಕಂಪ್ರೆಸರಿಗೆ ಹರಿಯುತ್ತದೆ. ಕಂಪ್ರೆಸರಿನೊಳಗಿನ ವಾಲ್ವಿನ ತೆಳು ತಗಡುಗಳು ಮುರಿಯುತ್ತವೆ, ಎಣ್ಣೆ ನೀರಾಗಿ ಬೇರಿಂಗ್ ತೊಳೆದುಹೋಗುತ್ತದೆ. ಹರಿದ ಬಾಗಿಲ ರಬ್ಬರಿಗೂ ಮುರಿದ ಪಿಸ್ಟನ್ ರಾಡಿಗೂ ನೇರ ನಂಟಿದೆ ಎಂದರೆ ಅಂಗಡಿಯ ಮಾಲೀಕರು ನಂಬುವುದು ಕಷ್ಟ.

ಇಷ್ಟೆಲ್ಲ ಕಾರಣಗಳ ಗುರುತು ಸತ್ತ ಕಂಪ್ರೆಸರಿನೊಳಗೇ ಇರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸತ್ತ ಹಸುವನ್ನು ಕೊಯ್ದು ಸಾವಿನ ಕಾರಣ ಹುಡುಕುತ್ತಾರೆ, ಉಳಿದ ಹಸುಗಳು ಬದುಕಲಿ ಎಂದು. ಕಂಪ್ರೆಸರನ್ನೂ ಹಾಗೆಯೇ ಕೊಯ್ದು ನೋಡಬಹುದು. ವಾಲ್ವಿನ ತಗಡು ಚೂರಾಗಿದ್ದರೆ ದ್ರವ ಬಡಿದಿದೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದು ರಿಂಗುಗಳು ಸವೆದಿದ್ದರೆ ಅತಿಯಾಗಿ ಕಾದಿದೆ. ಕಂಪ್ರೆಸರಿನಿಂದ ಆರು ಅಂಗುಲ ದೂರದಲ್ಲಿ ಡಿಸ್ಚಾರ್ಜ್ ಪೈಪಿನ ಬಿಸಿ 107 ಡಿಗ್ರಿ ದಾಟಬಾರದೆಂಬ ಮಿತಿ ಎಂದೋ ಮೀರಿದೆ. ಬೇರಿಂಗಿನ ಮೇಲೆ ತಾಮ್ರದ ಹೊಳಪಿದ್ದರೆ ತೇವ, ಆಮ್ಲ. ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಎರಡು ಫೇಸಿನ ವೈಂಡಿಂಗ್ ಕರಕಲಾಗಿ ಮೂರನೆಯದು ಹೊಸದರಂತಿದ್ದರೆ ಒಂದು ಫೇಸು ತಪ್ಪಿಹೋಗಿತ್ತು. ಕರಾರುವಾಕ್ಕಾದ ಸಾಕ್ಷ್ಯ ಇದು. ಅದನ್ನು ನಾವು ತೂಕದ ಲೆಕ್ಕದಲ್ಲಿ ಗುಜರಿಗೆ ಮಾರುತ್ತೇವೆ.

ಇದಕ್ಕೆ ಮೆಕ್ಯಾನಿಕ್‌ಗಳು ಹೇಳುವ ಉತ್ತರವನ್ನು ಗೌರವದಿಂದಲೇ ಕೇಳಬೇಕು. ಗಿರಾಕಿಗೆ ಬೇಕಾದದ್ದು ಸಂಜೆಯೊಳಗೆ ತಂಪು. ಕಾರಣ ಹುಡುಕಲು ಎರಡು ದಿನ ಬೇಕೆಂದರೆ ಅವರು ಬೇರೆಯವರನ್ನು ಕರೆಯುತ್ತಾರೆ ಎನ್ನುತ್ತಾರೆ. ನಿಜ. ಐಸ್‌ಕ್ರೀಮ್ ಕರಗುತ್ತಿರುವಾಗ ಯಾರಿಗೂ ತಾಳ್ಮೆ ಇರುವುದಿಲ್ಲ. ಆದರೆ ಯಂತ್ರವನ್ನು ತುರ್ತಾಗಿ ನಡೆಸುವುದೂ ಕಾರಣ ಹುಡುಕುವುದೂ ಒಂದೇ ಹೊತ್ತಿನಲ್ಲಿ ಆಗಬೇಕಿಲ್ಲ. ಇಂದು ಹೊಸದು ಹಾಕಿ, ನಾಳೆ ಹಳೆಯದನ್ನು ಬಿಚ್ಚಬಹುದು. ಗ್ಯಾರಂಟಿ ಮುಗಿಯದ ಕಂಪ್ರೆಸರನ್ನು ಬಿಚ್ಚುವಂತಿಲ್ಲ ಎಂಬ ಮಾತೂ ಸರಿ. ಅಂಥ ಸಂದರ್ಭದಲ್ಲಿ ಬಿಚ್ಚಿ ನೋಡಿದ ವರದಿಯನ್ನು ಕಂಪನಿಯಿಂದ ಕೇಳಿ ಪಡೆಯುವ ಹಕ್ಕು ಗಿರಾಕಿಗೆ ಇರಬೇಕು. ವಾರ್ಷಿಕ ನಿರ್ವಹಣೆಯ ಕರಾರು ಬರೆಯುವಾಗ ಎಷ್ಟು ಸಲ ಬರಬೇಕು, ಯಾವ ಭಾಗ ಉಚಿತ ಎಂದು ಚೌಕಾಸಿ ಮಾಡುವ ನಾವು ‘ಕಂಪ್ರೆಸರ್ ಬದಲಿಸಿದರೆ ಹಳೆಯದು ಏಕೆ ಹೋಯಿತೆಂದು ಬರೆದು ಕೊಡಬೇಕು’ ಎಂಬ ಒಂದು ಸಾಲು ಸೇರಿಸುವುದಿಲ್ಲ. ಆ ಸಾಲಿಗೆ ಪ್ರತ್ಯೇಕ ಹಣ ಕೊಡುವುದು ನ್ಯಾಯ. ಕಾರಣ ಹುಡುಕಿದ ಮೆಕ್ಯಾನಿಕ್‌ಗೆ ಮುಂದಿನ ವರ್ಷ ಕಂಪ್ರೆಸರ್ ಮಾರುವ ಅವಕಾಶ ತಪ್ಪುತ್ತದೆ. ಆ ನಷ್ಟವನ್ನು ಇಂದಿನ ಕೂಲಿಯಲ್ಲಿ ತುಂಬಿಕೊಡದೆ ಅವರಿಂದ ಪ್ರಾಮಾಣಿಕತೆ ಬಯಸುವುದು ಅನ್ಯಾಯ.

ಊಹೆಯ ರಿಪೇರಿಗೆ ಕಾಲವೂ ಮುಗಿಯುತ್ತಿದೆ. 1987ರ ಮಾಂಟ್ರಿಯಲ್ ಒಪ್ಪಂದದಿಂದ ಶುರುವಾದ ಬದಲಾವಣೆಯಲ್ಲಿ ಹಳೆಯ ಗ್ಯಾಸುಗಳು ಒಂದೊಂದಾಗಿ ಮರೆಯಾಗುತ್ತಿವೆ. ಮನೆಯ ಫ್ರಿಜ್ಜಿನಲ್ಲೀಗ ಐಸೊಬ್ಯುಟೇನ್, ಅಂಗಡಿಯ ಕೆಲವು ಫ್ರೀಜರುಗಳಲ್ಲಿ ಪ್ರೊಪೇನ್. ಎರಡೂ ಹೊತ್ತಿಕೊಳ್ಳುವ ಗ್ಯಾಸುಗಳು. ಅವು ಒಳಗಿರುವಾಗಲೇ ಬ್ರೇಜಿಂಗ್ ಜ್ವಾಲೆ ಹಿಡಿದರೆ ಹೋಗುವುದು ಜೀವ. ನಕಲಿ ಗ್ಯಾಸು ಏನು ಮಾಡಬಲ್ಲದೆಂದು 2011ರಲ್ಲಿ ಜಗತ್ತು ಕಂಡಿತು: ವಿಯೆಟ್ನಾಮಿನಲ್ಲಿ ಕಲಬೆರಕೆ ಗ್ಯಾಸ್ ತುಂಬಿಸಿದ್ದ ಹಡಗು ಕಂಟೇನರುಗಳಲ್ಲಿ ಕೆಲವು ಸ್ಫೋಟಿಸಿ ಕೆಲಸಗಾರರು ಸತ್ತರು, ಕಲಬೆರಕೆಯ ಮೀಥೈಲ್ ಕ್ಲೋರೈಡ್ ಯಂತ್ರದ ಅಲ್ಯುಮಿನಿಯಂ ಜೊತೆ ಸೇರಿ ಗಾಳಿ ತಾಕಿದರೇ ಹೊತ್ತಿಕೊಳ್ಳುವ ವಸ್ತುವಾಗಿತ್ತು. 2019ರ ಮಾರ್ಚಿನಲ್ಲಿ ಬಂದ ಭಾರತದ ಕೂಲಿಂಗ್ ಆಕ್ಷನ್ ಪ್ಲಾನ್ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರದ ಗುರಿ ಇಟ್ಟುಕೊಂಡಿತು. ಒಳ್ಳೆಯದೇ. ಐಟಿಐಗಳ ರೆಫ್ರಿಜರೇಶನ್ ವಿಭಾಗದ ಮಕ್ಕಳ ಮುಂದೆ ಗುಜರಿಗೆ ಹೋಗುವ ಕಂಪ್ರೆಸರುಗಳನ್ನು ರಾಶಿ ಹಾಕಿ, ಒಂದೊಂದನ್ನೂ ಕೊಯ್ಯಿಸಿ, ಸಾವಿನ ಕಾರಣ ಬರೆಸಿದರೆ ಆ ಪ್ರಮಾಣಪತ್ರಕ್ಕೆ ಇನ್ನಷ್ಟು ತೂಕ ಬರುತ್ತದೆ.

ಇದನ್ನು ಶುರುಮಾಡಲು ಅತ್ಯಂತ ತಕ್ಕ ಜಾಗ ಹಾಲಿನ ಒಕ್ಕೂಟಗಳು ಎಂದು ನನಗನಿಸುತ್ತದೆ. ಬಿಡಿ ಅಂಗಡಿಯವರಿಗೆ ಇರುವುದು ಒಂದು ಫ್ರೀಜರ್, ಒಂದು ಅನುಭವ. ಒಕ್ಕೂಟಕ್ಕೋ ಒಂದೇ ಬಗೆಯ ಶೀತಲ ಟ್ಯಾಂಕುಗಳು ಹಳ್ಳಿಹಳ್ಳಿಗಳಲ್ಲಿವೆ. ಪ್ರತಿ ಟ್ಯಾಂಕಿನ ಪಕ್ಕದ ಗೋಡೆಗೆ ಒಂದು ಪುಸ್ತಕ ತೂಗುಹಾಕಿ, ದಿನಕ್ಕೆ ಎರಡು ಸಲ ಸಕ್ಷನ್ ಒತ್ತಡ, ಡಿಸ್ಚಾರ್ಜ್ ಒತ್ತಡ, ಮೂರು ಫೇಸಿನ ಕರೆಂಟು, ಹಾಲಿನ ತಾಪ ಬರೆಯುವಂತಾದರೆ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಚಿತ್ರ ಮೂಡುತ್ತದೆ. ಒಂದೇ ಫೀಡರಿನ ಮೇಲಿರುವ ಊರುಗಳಲ್ಲಿ ವೈಂಡಿಂಗ್ ಸುಡುತ್ತಿದ್ದರೆ ಪುಸ್ತಕ ಹಿಡಿದು ಬೆಸ್ಕಾಂ ಕಚೇರಿಗೆ ಹೋಗಬಹುದು. ಒಬ್ಬರೇ ಗುತ್ತಿಗೆದಾರರು ಕೂರಿಸಿದ ಕಂಪ್ರೆಸರುಗಳ ಬೇರಿಂಗುಗಳಲ್ಲಿ ಮಾತ್ರ ತಾಮ್ರ ಕಾಣುತ್ತಿದ್ದರೆ ಅವರಿಗೊಂದು ಮೈಕ್ರಾನ್ ಗೇಜ್ ಕೊಡಿಸಿ, ಅದರಲ್ಲಿ ಬಂದ ಅಂಕಿಯನ್ನು ಬರೆದ ಮೇಲೆಯೇ ಬಿಲ್ಲಿಗೆ ಸಹಿ ಹಾಕಬಹುದು.